ಯಾವುದರೊಂದಿಗೆ ಹೊಂದುತ್ತಿಲ್ಲ?

ಹೋದ ವರ್ಷ ದಸರೆ ರಜೆಗೆ ಎರಡು ದಿನ ಮುಂಚೆ, ನಮ್ಮ ಬೀದಿಯ ಕೊನೆಮನೆಯ ತಾಯಿಯೊಬ್ಬರು ಮಗಳ ಅಂಕಪಟ್ಟಿ ಹಿಡಿದುಕೊಂಡು ಬಂದರು. ಅವರು ಹತ್ತಿರದ ಕಲ್ಯಾಣ ಮಂಟಪವೊಂದರಲ್ಲಿ ಪಾತ್ರೆ ತೊಳೆದು ನೆಲ ಒರೆಸುವ ಕೆಲಸ ಮಾಡುತ್ತಾರೆ. ಮಗಳು ಎಂಟನೇ ತರಗತಿ. ಪಟ್ಟಿಯ ತಳದಲ್ಲಿ ಷರಾ ಬರೆಯುವ ಜಾಗದಲ್ಲಿ ಕೆಂಪು ಶಾಯಿಯ ಒಂದೇ ಒಂದು ಇಂಗ್ಲಿಷ್ ಪದವಿತ್ತು: ಇನ್‌ಕನ್ಸಿಸ್ಟೆಂಟ್.

“ಮೇಷ್ಟ್ರೇ, ಇದು ಒಳ್ಳೇದೋ ಕೆಟ್ಟದ್ದೋ?” ಎಂದು ಕೇಳಿದರು.

“ಒಂದೇ ಸಮ ಇಲ್ಲ ಅಂತ ಬರೆದಿದ್ದಾರಮ್ಮ” ಎಂದೆ.

“ಯಾವುದು ಒಂದೇ ಸಮ ಇಲ್ಲ? ಅಂಕವೋ, ಹುಡುಗಿಯೋ?”

ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ನನಗೆ ಆ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಪದದ ಅರ್ಥ ಗೊತ್ತಿತ್ತು. ಆ ಪದ ಆ ಗೆರೆಯ ಮೇಲೆ ಕುಳಿತು ಏನು ಹೇಳುತ್ತಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಅಂದಿನಿಂದ ಈ ಪದ ನನ್ನ ಬೆನ್ನು ಬಿಟ್ಟಿಲ್ಲ. ಕಚೇರಿಯ ವಾರ್ಷಿಕ ವರದಿ, ಕ್ರಿಕೆಟ್ ಕಾಮೆಂಟರಿ, ನ್ಯಾಯಾಲಯದ ತೀರ್ಪು, ಟೀವಿ ಚರ್ಚೆ, ಎಲ್ಲ ಕಡೆಯೂ ಅದು ಎದುರಾಗುತ್ತದೆ. ಕನ್ನಡ ಮಾತಿನ ನಡುವೆಯೂ ಅದನ್ನು ಹಾಗೇ ಎತ್ತಿ ಬಳಸುವ ರೂಢಿ ನಮಗೆ ಬಂದುಬಿಟ್ಟಿದೆ. ನಾನು ಹೇಳಬೇಕೆಂದಿರುವುದು ಇಷ್ಟು: ಇದು ಒಂಟಿಯಾಗಿ ನಿಲ್ಲುವ ಪದವಲ್ಲ. ‘ಯಾವುದರೊಂದಿಗೆ’ ಎಂಬ ಪ್ರಶ್ನೆಗೆ ಉತ್ತರ ಜೊತೆಯಲ್ಲಿಲ್ಲದಿದ್ದರೆ ಅದು ಅರ್ಧ ಮಾತು. ಮನುಷ್ಯರ ಮೇಲೆ ಹೊರಿಸಿದಾಗ ಆ ಅರ್ಧ ಮಾತು ಅನ್ಯಾಯವಾಗುತ್ತದೆ.

ಪದದ ಬೇರಿನಿಂದಲೇ ಶುರು ಮಾಡೋಣ. ಲ್ಯಾಟಿನ್ನಿನ ‘ಕಾನ್ಸಿಸ್ಟೆರೆ’ ಎಂದರೆ ಒಟ್ಟಿಗೆ ನಿಲ್ಲು, ಗಟ್ಟಿಯಾಗಿ ನಿಲ್ಲು. ಅದರಿಂದ ‘ಕನ್ಸಿಸ್ಟೆಂಟ್’. ಮುಂದೆ ನಿಷೇಧದ ‘ಇನ್’ ಸೇರಿ 17ನೆಯ ಶತಮಾನದ ಇಂಗ್ಲಿಷಿನಲ್ಲಿ ನೆಲೆಯಾದದ್ದು ಈ ಪದ. ಮೂಲದಲ್ಲೇ ಎರಡು ಚಿತ್ರಗಳಿರುವುದನ್ನು ಗಮನಿಸಬೇಕು. ಒಂದು, ಎರಡು ವಸ್ತುಗಳು ಪಕ್ಕಪಕ್ಕದಲ್ಲಿ ಜಗಳವಿಲ್ಲದೆ ನಿಲ್ಲುವುದು. ಇನ್ನೊಂದು, ಒಂದೇ ವಸ್ತು ಕಾಲ ಸರಿದರೂ ಅಲುಗದೆ ನಿಲ್ಲುವುದು. ಹೀಗಾಗಿ ನಿಷೇಧಕ್ಕೂ ಎರಡು ಅರ್ಥ: ಒಂದರೊಡನೆ ಇನ್ನೊಂದು ಕೂಡಿಬರದಿರುವುದು, ಒಂದೇ ವಸ್ತು ಇವತ್ತಿದ್ದಂತೆ ನಾಳೆ ಇಲ್ಲದಿರುವುದು. ಇಂಗ್ಲಿಷ್ ವ್ಯಾಕರಣ ಇವೆರಡನ್ನೂ ಪದದ ಹಿಂದೆ ಬರುವ ಪುಟ್ಟ ಅವ್ಯಯದಿಂದ ಬೇರ್ಪಡಿಸುತ್ತದೆ. ‘ವಿತ್’ ಬಂದರೆ ಮೊದಲನೆಯ ಅರ್ಥ: ಸಾಕ್ಷಿಯ ಹೇಳಿಕೆ ವೈದ್ಯಕೀಯ ವರದಿಯೊಂದಿಗೆ ಹೊಂದುವುದಿಲ್ಲ. ‘ಇನ್’ ಬಂದರೆ ಎರಡನೆಯದು: ಬೌಲರ್ ಲೆಂಗ್ತ್‌ನಲ್ಲಿ ಒಂದೇ ಸಮ ಇಲ್ಲ. ನಾವು ಕನ್ನಡದ ನಡುವೆ ಪದವನ್ನು ಕಿತ್ತು ತರುವಾಗ ಆ ಪುಟ್ಟ ಅವ್ಯಯವನ್ನು ಅಲ್ಲೇ ಬಿಟ್ಟು ಬರುತ್ತೇವೆ. “ಅವನು ತುಂಬಾ ಇನ್‌ಕನ್ಸಿಸ್ಟೆಂಟ್ ಕಣ್ರೀ” ಎಂದಾಗ ಕೇಳಿದವನಿಗೆ ಉಳಿಯುವುದು ಬರೀ ಒಂದು ಬೈಗುಳ.

ಇದಕ್ಕೆ ಸಮನಾಗಿ ನಾವು ಪುಸ್ತಕಗಳಲ್ಲಿ ಬಳಸುವ ಪದ ‘ಅಸಂಗತ’. ಅಸಂಗತ ನಾಟಕ ಎಂದಾಗ ಅದೇ ಪದ ಪಶ್ಚಿಮದ ಒಂದು ರಂಗಪಂಥದ ಹೆಸರೂ ಆಗುತ್ತದೆ. ಅಲ್ಲಿ ಅದರ ಅರ್ಥ ಬದುಕಿಗೇ ಅರ್ಥವಿಲ್ಲದಿರುವುದು. ಆದರೆ ಪದದ ಒಳಗೆ ನೋಡಿ: ‘ಸಂಗತ’ ಎಂದರೆ ಒಟ್ಟಿಗೆ ಹೋದದ್ದು, ಕೂಡಿದ್ದು. ಸಂಗಮ, ಸಂಗತಿ, ಸಂಗಾತಿ ಎಲ್ಲದರಲ್ಲೂ ಇರುವುದು ಅದೇ ನಡಿಗೆ. ಲ್ಯಾಟಿನ್ ಪದ ನಿಲ್ಲುವುದನ್ನು ಹೇಳಿದರೆ ನಮ್ಮ ಪದ ನಡೆಯುವುದನ್ನು ಹೇಳುತ್ತದೆ. ಈ ವ್ಯತ್ಯಾಸ ಚಿಕ್ಕದಲ್ಲ. ನಿಲ್ಲುವುದೇ ಗುಣವಾದರೆ ಜಾಗ ಬಿಟ್ಟವರೆಲ್ಲ ತಪ್ಪಿತಸ್ಥರು. ಜೊತೆಯಲ್ಲಿ ನಡೆಯುವುದು ಗುಣವಾದರೆ ಮೈಲಿಗಟ್ಟಲೆ ಮುಂದೆ ಹೋದವರೂ ಸಂಗತರಾಗಿರಬಹುದು, ಸಂಗಾತಿಯ ಕೈ ಬಿಡದಿದ್ದರೆ ಸಾಕು. ಈ ಮಾತಿಗೆ ಮುಂದೆ ಮರಳುತ್ತೇನೆ.

ಪುಸ್ತಕದ ಪದವನ್ನು ಬದಿಗಿಟ್ಟು ಜನರ ಬಾಯನ್ನು ಕೇಳಿದರೆ ಕನ್ನಡದ ನಿಜವಾದ ಸಿರಿ ಕಾಣುತ್ತದೆ. ಇಂಗ್ಲಿಷ್ ಒಂದೇ ಪದದಲ್ಲಿ ತುರುಕಿದ್ದನ್ನು ನಮ್ಮ ಗಾದೆ-ನುಡಿಗಳು ನಾಲ್ಕಾಗಿ ಬಿಡಿಸಿ ಇಟ್ಟಿವೆ. ಎರಡು ಮಾತು ಅಥವಾ ಎರಡು ಶಕ್ತಿಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಎಳೆದರೆ “ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು”. ಆಡುವುದಕ್ಕೂ ಮಾಡುವುದಕ್ಕೂ ಹೊಂದದಿದ್ದರೆ “ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ”. ಒಂದೇ ನಿಯಮ ಒಬ್ಬರಿಗೊಂದು ಥರ, ಮತ್ತೊಬ್ಬರಿಗೊಂದು ಥರ ಆದರೆ “ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ”. ಒಬ್ಬನೇ ಮನುಷ್ಯ ಹೊತ್ತಿಗೊಂದು ಬಣ್ಣ ತಾಳಿದರೆ “ಗಳಿಗೆಗೊಂದು ಮಾತು”. ಈ ನಾಲ್ಕನ್ನೂ ಇಂಗ್ಲಿಷಿನಲ್ಲಿ ಅದೇ ಒಂದು ವಿಶೇಷಣದಿಂದ ಕರೆಯಬಹುದು. ಆದರೆ ಈ ನಾಲ್ಕರ ತೂಕ ಒಂದೇ ಅಲ್ಲ. ಎತ್ತು-ಕೋಣಗಳದು ಜೋಡಿ ಕಟ್ಟಿದವನ ತಪ್ಪು. ಬದನೆಕಾಯಿಯದು ಕಪಟ, ಕೆಲವೊಮ್ಮೆ ಬರೀ ದೌರ್ಬಲ್ಯ. ಬೆಣ್ಣೆ-ಸುಣ್ಣದ್ದು ಅನ್ಯಾಯ. ಗಳಿಗೆಗೊಂದು ಮಾತಿನದು ನಂಬಿಕೆದ್ರೋಹವೂ ಇರಬಹುದು, ಬೆಳವಣಿಗೆಯೂ ಇರಬಹುದು. ಬೇರೆ ಬೇರೆ ರೋಗಕ್ಕೆ ಒಂದೇ ಹೆಸರಿಟ್ಟರೆ ಮದ್ದು ತಪ್ಪುತ್ತದೆ.

ಅಡುಗೆಮನೆಯಲ್ಲಿ ಇದೇ ಪದದ ನಾಮರೂಪ ‘ಕನ್ಸಿಸ್ಟೆನ್ಸಿ’ಗೆ ಇನ್ನೊಂದು ಅರ್ಥವಿದೆ. ಹಿಟ್ಟು, ಪಾಕ, ಗಂಜಿ ಎಷ್ಟು ಗಟ್ಟಿ, ಎಷ್ಟು ತೆಳು ಎಂಬ ಲೆಕ್ಕ. ಅದಕ್ಕೆ ಕನ್ನಡದಲ್ಲಿ ‘ಹದ’ ಎಂಬ ಎರಡಕ್ಷರವಿದೆ. ಮಂಡ್ಯದ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವನನ್ನು ನೋಡಬೇಕು. ಕುದಿಯುವ ಪಾಕದ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹಿಸುಕಿ ನೋಡುತ್ತಾನೆ. ಉಂಡೆ ಕಟ್ಟಿದರೆ ಬೆಲ್ಲದ ಅಚ್ಚಿಗೆ ಹದ ಬಂತು. ಜೋನಿಬೆಲ್ಲಕ್ಕಾದರೆ ಅಲ್ಲಿಯವರೆಗೆ ಕಾಯಬಾರದು; ಅದಕ್ಕೆ ಮುಂಚಿನ ಎಳೆಯ ಪಾಕವೇ ಸರಿ. ಇಡ್ಲಿ ಹಿಟ್ಟಿನ ಹದ ನೀರ್‌ದೋಸೆಗೆ ಆಗದು. ನೀರ್‌ದೋಸೆಯ ಹದ ಪಡ್ಡಿಗೆ ಆಗದು. ಯಾವ ಅಡುಗೆಯವರೂ “ಈ ಹಿಟ್ಟು ಹದವಾಗಿಲ್ಲ” ಎಂದು ಸುಮ್ಮನೆ ಹೇಳಿ ಎದ್ದುಹೋಗುವುದಿಲ್ಲ. ಯಾವುದಕ್ಕೆ ಹದವಾಗಿಲ್ಲ, ನೀರು ಹೆಚ್ಚಾಯಿತೋ ಉದ್ದು ಕಡಿಮೆಯಾಯಿತೋ, ಇದನ್ನೂ ಹೇಳುತ್ತಾರೆ. ಹಿಟ್ಟಿಗೆ ನಾವು ತೋರುವ ಈ ಮರ್ಯಾದೆಯನ್ನು ಮನುಷ್ಯರಿಗೂ ತೋರಬೇಕೆಂಬುದೇ ನನ್ನ ಆಸೆ.

ಹಾಗೆಂದು ಹೊಂದಿಕೆಯಿಲ್ಲದಿರುವುದು ದೊಡ್ಡ ವಿಷಯವಲ್ಲ ಎಂದು ಯಾರೂ ತಿಳಿಯಬಾರದು. ತರ್ಕದಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಜರ್ಮನಿಯ ಗಣಿತಜ್ಞ ಗಾಟ್ಲೋಬ್ ಫ್ರೇಗೆ ಅಂಕಗಣಿತವನ್ನು ಶುದ್ಧ ತರ್ಕದ ಅಡಿಪಾಯದ ಮೇಲೆ ಕಟ್ಟಲು ವರ್ಷಗಟ್ಟಲೆ ದುಡಿದರು. ಅವರ ಮಹಾಗ್ರಂಥದ ಎರಡನೆಯ ಸಂಪುಟ ಅಚ್ಚಿಗೆ ಹೋಗಿದ್ದಾಗ, 1902ರ ಜೂನ್‌ನಲ್ಲಿ ಬರ್ಟ್ರಂಡ್ ರಸೆಲ್ ಅವರಿಂದ ಒಂದು ಕಾಗದ ಬಂತು. ತಮ್ಮನ್ನು ತಾವೇ ಒಳಗೊಳ್ಳದ ಗಣಗಳನ್ನೆಲ್ಲ ಸೇರಿಸಿ ಒಂದು ಗಣ ಮಾಡಿದರೆ, ಆ ಗಣ ತನ್ನನ್ನು ತಾನು ಒಳಗೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಹೌದು ಎಂದರೆ ಇಲ್ಲವಾಗುತ್ತದೆ, ಇಲ್ಲ ಎಂದರೆ ಹೌದಾಗುತ್ತದೆ. ಫ್ರೇಗೆಯ ನಿಯಮಗಳು ಅಂಥ ಗಣಕ್ಕೆ ಎಡೆಮಾಡಿಕೊಟ್ಟಿದ್ದವು. ಒಂದೇ ಒಂದು ವಿರೋಧ ತಾನೇ ಎಂದು ಬಿಡುವ ಹಾಗಿರಲಿಲ್ಲ. ರೂಢಿಯ ತರ್ಕದಲ್ಲಿ ‘ಇದು ಹೌದು’ ಮತ್ತು ‘ಇದು ಅಲ್ಲ’ ಎರಡನ್ನೂ ಒಮ್ಮೆಗೇ ಒಪ್ಪಿದರೆ, ಅಲ್ಲಿಂದ ಮುಂದೆ ಯಾವ ಸುಳ್ಳನ್ನು ಬೇಕಾದರೂ ಸಾಧಿಸಿ ತೋರಿಸಬಹುದು. ಕಟ್ಟೆಯಲ್ಲಿ ಒಂದು ಬಿರುಕು ಬಿಟ್ಟರೆ ಕೆರೆಯೇ ಖಾಲಿಯಾದಂತೆ. ಫ್ರೇಗೆ ಕಾಗದವನ್ನು ಮುಚ್ಚಿಡಲಿಲ್ಲ. 1903ರಲ್ಲಿ ಹೊರಬಂದ ಸಂಪುಟಕ್ಕೆ ಅನುಬಂಧ ಸೇರಿಸಿ, ತಮ್ಮ ಕಟ್ಟಡದ ಬುನಾದಿ ಅಲುಗಿದೆ ಎಂದು ತಾವೇ ಓದುಗರಿಗೆ ತಿಳಿಸಿದರು. ತಮ್ಮ ಸಿದ್ಧಾಂತ ಹೊಂದಿಕೆ ಕಳೆದುಕೊಂಡ ಆ ಗಳಿಗೆಯಲ್ಲಿ ಫ್ರೇಗೆ ಸತ್ಯದೊಡನೆ ಹೊಂದಿಕೆ ಕಳೆದುಕೊಳ್ಳಲಿಲ್ಲ.

ವಿರೋಧ ಕಂಡಿತು ಎಂದರೆ ಎಲ್ಲೋ ತಪ್ಪಿದೆ ಎಂದರ್ಥ. ಎಲ್ಲಿ ತಪ್ಪಿದೆ ಎಂಬುದನ್ನು ಅದು ಹೇಳುವುದಿಲ್ಲ. ಸಂತೆಯ ಎರಡು ಚೀಟಿ ತೆಗೆದುಕೊಳ್ಳಿ. ಒಂದರಲ್ಲಿ ಎರಡು ಕೆಜಿ ಈರುಳ್ಳಿ, ಒಂದು ಕೆಜಿ ಟೊಮೇಟೊ, ಒಟ್ಟು 100 ರೂಪಾಯಿ. ಇನ್ನೊಂದರಲ್ಲಿ ನಾಲ್ಕು ಕೆಜಿ ಈರುಳ್ಳಿ, ಎರಡು ಕೆಜಿ ಟೊಮೇಟೊ, ಒಟ್ಟು 180. ಹತ್ತನೇ ತರಗತಿಯ ಹುಡುಗ ಸಮೀಕರಣ ಬರೆದು, ಗ್ರಾಫ್‌ನಲ್ಲಿ ಎರಡು ಸಮಾಂತರ ಗೆರೆ ಎಳೆದು, ಇವೆರಡೂ ಒಟ್ಟಿಗೆ ನಿಜವಾಗಲಾರವು ಎಂದು ತೋರಿಸುತ್ತಾನೆ. ಸರಿ. ಆದರೆ ತಪ್ಪಿರುವುದು ಮೊದಲ ಚೀಟಿಯೋ, ಎರಡನೆಯದೋ? ಎರಡೂ ಸರಿಯಿದ್ದು, ಹೆಚ್ಚು ಕೊಂಡವರಿಗೆ ವ್ಯಾಪಾರಿ ದರ ಇಳಿಸಿದ್ದರೆ? ಆಗ ತಪ್ಪು ಚೀಟಿಯಲ್ಲಿಲ್ಲ. ದರ ಒಂದೇ ಎಂದು ನಾವು ಮನಸ್ಸಿನಲ್ಲೇ ಊಹಿಸಿಕೊಂಡದ್ದರಲ್ಲಿದೆ.

ಖಗೋಳ ವಿಜ್ಞಾನದ ಚರಿತ್ರೆ ಇದನ್ನೇ ಆಕಾಶದಷ್ಟು ದೊಡ್ಡದಾಗಿ ಬರೆದು ತೋರಿಸಿದೆ. ಯುರೇನಸ್ ಗ್ರಹದ ಚಲನೆ ನ್ಯೂಟನ್‌ನ ನಿಯಮದ ಲೆಕ್ಕದೊಂದಿಗೆ ಹೊಂದುತ್ತಿರಲಿಲ್ಲ. ಫ್ರಾನ್ಸಿನ ಲೆವೆರಿಯೆ ನಿಯಮವನ್ನು ಸಂಶಯಿಸದೆ, ಕಾಣದ ಇನ್ನೊಂದು ಗ್ರಹ ಎಳೆಯುತ್ತಿರಬೇಕೆಂದು ಲೆಕ್ಕ ಹಾಕಿದರು. ಅವರು ಸೂಚಿಸಿದ ಜಾಗಕ್ಕೆ ಒಂದು ಡಿಗ್ರಿಯೊಳಗೆ, 1846ರ ಸೆಪ್ಟೆಂಬರ್ 23ರ ರಾತ್ರಿ, ಬರ್ಲಿನ್ ವೀಕ್ಷಣಾಲಯದಲ್ಲಿ ಯೋಹಾನ್ ಗಾಲೆ ನೆಪ್ಚೂನನ್ನು ಕಂಡರು. ಮುಂದೆ ಬುಧನ ಕಕ್ಷೆಯಲ್ಲೂ ಹೊಂದಿಕೆಯಾಗದ ಒಂದು ಚೂರು ಉಳಿಯಿತು. ಶತಮಾನಕ್ಕೆ ಸುಮಾರು 43 ಕೋನ ಸೆಕೆಂಡುಗಳಷ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ. 1859ರಲ್ಲಿ ಅದನ್ನು ಎತ್ತಿ ತೋರಿಸಿದವರೂ ಲೆವೆರಿಯೆಯೇ. ಈ ಸಲವೂ ಸೂರ್ಯನ ಹತ್ತಿರ ಕಾಣದ ಗ್ರಹವಿದೆ ಎಂದು ನಂಬಿದರು, ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಹುಡುಕಿದವರಿಗೆ ಅದು ಸಿಗಲೇ ಇಲ್ಲ, ಇರಲೂ ಇಲ್ಲ. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ಹೊಸದಾಗಿ ಬರೆದಾಗ ಆ 43 ಸೆಕೆಂಡು ತಾನಾಗಿ ಹೊಂದಿಕೊಂಡಿತು. ಒಂದೇ ಬಗೆಯ ಅಸಂಗತಿ ಒಮ್ಮೆ ನಿಯಮವನ್ನು ಗೆಲ್ಲಿಸಿತು, ಇನ್ನೊಮ್ಮೆ ಸೋಲಿಸಿತು. ಅದನ್ನು ತೀರ್ಪೆಂದು ಓದಿದವರು ಅಲ್ಲೇ ನಿಲ್ಲುತ್ತಿದ್ದರು. ಪ್ರಶ್ನೆಯೆಂದು ಓದಿದವರಿಗೆ ಒಂದು ಗ್ರಹವೂ ಒಂದು ಹೊಸ ಭೌತಶಾಸ್ತ್ರವೂ ಸಿಕ್ಕಿದವು.

ಈ ಪದವನ್ನು ಅತ್ಯಂತ ಎಚ್ಚರದಿಂದ ಬಳಸಿದವರು ನಮ್ಮ ಸಂವಿಧಾನ ಬರೆದವರು. 13ನೆಯ ವಿಧಿಯಲ್ಲಿ ಅದು ಬರುತ್ತದೆ. ಸಂವಿಧಾನಕ್ಕೆ ಮುಂಚಿನ ಯಾವ ಕಾನೂನು ಮೂಲಭೂತ ಹಕ್ಕುಗಳ ಭಾಗದೊಂದಿಗೆ ಹೊಂದುವುದಿಲ್ಲವೋ, ಅದು ಎಷ್ಟರ ಮಟ್ಟಿಗೆ ಹೊಂದುವುದಿಲ್ಲವೋ ಅಷ್ಟರ ಮಟ್ಟಿಗೆ ಅಸಿಂಧು, ಇದು ಆ ವಿಧಿಯ ತಾತ್ಪರ್ಯ. ಇಲ್ಲಿ ಎರಡು ಕಟ್ಟುಪಾಡುಗಳಿವೆ. ‘ಯಾವುದರೊಂದಿಗೆ’ ಎಂಬುದು ಖಚಿತ: ಮೂಲಭೂತ ಹಕ್ಕುಗಳೊಂದಿಗೆ. ‘ಎಷ್ಟರ ಮಟ್ಟಿಗೆ’ ಎಂಬುದೂ ಖಚಿತ: ಹೊಂದದ ಭಾಗದಷ್ಟೇ. ಈ ‘ಮಟ್ಟಿಗೆ’ ಎಂಬ ಪದ ಕೊಡಲಿಯ ಜಾಗದಲ್ಲಿ ಕತ್ತರಿ ಇಟ್ಟಿತು. 1950ರಲ್ಲಿ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಮುನ್ನೆಚ್ಚರಿಕೆ ಬಂಧನ ಕಾಯ್ದೆಯ 14ನೆಯ ಕಲಮನ್ನು ಮಾತ್ರ ತೆಗೆದುಹಾಕಿ ಉಳಿದ ಕಾಯ್ದೆಯನ್ನು ಉಳಿಸಿತು. ಉಳಿಸಿದ್ದು ಸರಿಯೇ ಎಂಬ ಚರ್ಚೆ ಬೇರೆ. ನನಗೆ ಬೇಕಾದದ್ದು ಆ ವಿಧಾನ: ದೋಷವನ್ನು ಅಳೆದು, ಅಳತೆಯಷ್ಟೇ ಕತ್ತರಿಸುವುದು. ಒಂದು ಕಾಯ್ದೆಗೆ ಸಿಗುವ ಈ ನ್ಯಾಯ, ಎರಡು ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಹುಡುಗಿಗೆ ಸಿಗುವುದಿಲ್ಲ. ಅವಳಿಗೆ ಇಡಿಯಾಗಿ ಆ ಪದದ ಮುದ್ರೆ ಬೀಳುತ್ತದೆ.

ಸಾಕ್ಷಿಗಳ ವಿಚಾರದಲ್ಲೂ ನಮ್ಮ ನ್ಯಾಯಾಲಯಗಳು ಇದೇ ವಿವೇಕ ತೋರುತ್ತವೆ. ಘಟನೆಯ ಮೂಲಕ್ಕೇ ಪೆಟ್ಟು ಕೊಡುವ ವಿರೋಧ ಬೇರೆ, ಗಂಟೆ-ಗಳಿಗೆಯ ಸಣ್ಣಪುಟ್ಟ ವ್ಯತ್ಯಾಸ ಬೇರೆ. ನಾಲ್ವರು ಸಾಕ್ಷಿಗಳು ಅಕ್ಷರ ಬಿಡದೆ ಒಂದೇ ಮಾತು ಒಪ್ಪಿಸಿದರೆ ನ್ಯಾಯಾಧೀಶರಿಗೆ ಅನುಮಾನ ಹೆಚ್ಚುತ್ತದೆ, ಅದು ಗಿಣಿಪಾಠ. ನಿಜವಾಗಿ ಕಂಡವರ ನೆನಪುಗಳಲ್ಲಿ ಅಷ್ಟಿಷ್ಟು ಏರುಪೇರು ಇದ್ದೇ ಇರುತ್ತದೆ. ಅತಿಯಾದ ಹೊಂದಿಕೆಯೂ ಸುಳ್ಳಿನ ಗುರುತಾಗಬಹುದು.

ನ್ಯಾಯಾಲಯವೇ ತನ್ನ ಮಾತಿಗೆ ವಿರುದ್ಧ ನಡೆದ ಪ್ರಸಂಗ ಇನ್ನೂ ಹೆಚ್ಚು ಕಲಿಸುತ್ತದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಮೇಲಿನ ದರೋಡೆ ಆರೋಪ ಸಾಕ್ಷ್ಯವಿಲ್ಲದೆ ಬಿದ್ದುಹೋಗಿತ್ತು. ಆದರೂ ಪೊಲೀಸರು ಅವರ ಹೆಸರಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುತ್ತಿದ್ದರು, ಎಬ್ಬಿಸುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಈ ರಾತ್ರಿ ಭೇಟಿಗಳನ್ನು ರದ್ದುಪಡಿಸಿತು. ಆದರೆ ಅದೇ ಉಸಿರಿನಲ್ಲಿ, ಖಾಸಗಿತನ ಎಂಬ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂದೂ ಹೇಳಿತು. ಮಲಗಿದವನ ಬಾಗಿಲು ಬಡಿಯಬಾರದು ಎನ್ನುವುದು ಖಾಸಗಿತನದ ಕಾರಣಕ್ಕಲ್ಲದೆ ಇನ್ನು ಯಾವ ಕಾರಣಕ್ಕೆ? ಎತ್ತು-ಕೋಣಗಳನ್ನು ಒಂದೇ ನೊಗಕ್ಕೆ ಕಟ್ಟಿದಂತಿದ್ದ ಆ ತೀರ್ಪು 55 ವರ್ಷ ಹಾಗೇ ಉಳಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ಒಳವಿರೋಧವನ್ನು ಗುರುತಿಸಿ, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು.

ಅದೇ ತೀರ್ಪಿನಲ್ಲಿ ಇನ್ನೊಂದು ಹಳೆಯ ಗಾಯಕ್ಕೂ ಮದ್ದು ಬಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಜಬಲ್ಪುರ ಮೊಕದ್ದಮೆಯಲ್ಲಿ, ಬಂಧಿತರು ಬಿಡುಗಡೆ ಕೇಳಿ ಕೋರ್ಟಿಗೆ ಬರುವಂತಿಲ್ಲ ಎಂದು ನಾಲ್ವರು ನ್ಯಾಯಮೂರ್ತಿಗಳು ಹೇಳಿದ್ದರು, ಎಚ್.ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದಿದ್ದರು. ಆ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. 2017ರಲ್ಲಿ ಆ ತೀರ್ಪನ್ನು ತಪ್ಪೆಂದು ಬರೆದು ತಳ್ಳಿಹಾಕಿದವರು ಅವರ ಮಗ ಡಿ.ವೈ. ಚಂದ್ರಚೂಡ್. ಒಂದೇ ಕೋರ್ಟು, ಒಂದೇ ಮನೆ, ಎರಡು ವಿರುದ್ಧ ಮಾತು. ಇದನ್ನು ಚಂಚಲತೆ ಎನ್ನುತ್ತೀರಾ? 1976ರ ಮಾತಿಗೆ ಅಂಟಿಕೊಂಡಿದ್ದರೆ ಕೋರ್ಟು ತನ್ನೊಂದಿಗೆ ತಾನು ಹೊಂದಿಕೊಂಡಿರುತ್ತಿತ್ತು, ಸಂವಿಧಾನದೊಂದಿಗೆ ಅಲ್ಲ. ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ‘ಯಾವುದರೊಂದಿಗೆ’ ಎಂಬ ಪ್ರಶ್ನೆ ಎಷ್ಟು ದೊಡ್ಡದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ವ್ಯಕ್ತಿಗಳ ವಿಷಯಕ್ಕೆ ಬಂದಾಗ ಗಾಂಧೀಜಿಯವರ ಹೆಸರು ತಾನಾಗಿ ಬರುತ್ತದೆ. ತಮ್ಮ ಮಾತುಗಳಲ್ಲಿ ವಿರೋಧವಿದೆ ಎಂಬ ದೂರು ಅವರಿಗೆ ಮೇಲಿಂದ ಮೇಲೆ ಬರುತ್ತಿತ್ತು. 1933ರ ಏಪ್ರಿಲ್‌ನ ‘ಹರಿಜನ’ ಪತ್ರಿಕೆಯಲ್ಲಿ ಅವರು ಅದಕ್ಕೆ ಉತ್ತರ ಬರೆದರು. ಹೊಂದಿಕೆ ಉಳ್ಳವನಂತೆ ಕಾಣುವ ಚಿಂತೆ ತಮಗಿಲ್ಲ, ಸತ್ಯದ ಹುಡುಕಾಟದಲ್ಲಿ ಹಲವು ಹಳೆಯ ವಿಚಾರ ಬಿಟ್ಟಿದ್ದೇನೆ, ಎರಡು ಬರಹ ಒಂದಕ್ಕೊಂದು ಹೊಂದದಿದ್ದರೆ ಈಚಿನದನ್ನೇ ಹಿಡಿಯಿರಿ ಎಂಬುದು ಅದರ ಸಾರ. 1920ರ ದಶಕದ ಆರಂಭದಲ್ಲಿ ಜಾತಿ ಮೀರಿದ ಮದುವೆಗೆ ಕಟ್ಟುಪಾಡು ಇರುವುದನ್ನು ಅವರು ಸಮರ್ಥಿಸಿದ್ದರು. 1946ರ ಹೊತ್ತಿಗೆ ಸೇವಾಗ್ರಾಮ ಆಶ್ರಮದಲ್ಲಿ ಮದುವೆ ನಡೆಯಬೇಕಾದರೆ ವಧೂವರರಲ್ಲಿ ಒಬ್ಬರು ಹರಿಜನರಾಗಿರಬೇಕು ಎಂಬಲ್ಲಿಗೆ ಬಂದಿದ್ದರು. ನಿಲ್ಲುವ ಅಳತೆಗೋಲು ಹಿಡಿದರೆ ಇದು ಸೋಲು. ನಡೆಯುವ ಅಳತೆಗೋಲು ಹಿಡಿದರೆ ದೂರದ ಪಯಣ.

ಆದರೆ ಗಾಂಧೀಜಿಯವರ ಉತ್ತರ ಎಲ್ಲ ಆಕ್ಷೇಪಗಳನ್ನೂ ಮುಗಿಸುವುದಿಲ್ಲ. ಅದನ್ನು ಕಂಡು ಹೇಳಿದವರು ಅಂಬೇಡ್ಕರ್. 1936ರ ‘ಜಾತಿ ವಿನಾಶ’ದ ವಾಗ್ವಾದದಲ್ಲಿ ಅವರು ಎತ್ತಿದ್ದು ಬದನೆಕಾಯಿಯ ಪ್ರಶ್ನೆ. ಪ್ರತಿಯೊಬ್ಬರೂ ವಂಶದ ಕಸುಬನ್ನು ಮಾಡಬೇಕೆಂದು ಬೋಧಿಸುವವರು ತಾವೇಕೆ ತಕ್ಕಡಿ ಮುಟ್ಟಲಿಲ್ಲ, ವಕೀಲಿಗೆ, ಆಮೇಲೆ ರಾಜಕೀಯಕ್ಕೆ ಏಕೆ ಹೋದರು ಎಂದು ಕೇಳಿದರು. ನಿನ್ನೆಯ ಮಾತಿಗೆ ಇವತ್ತಿನ ಮಾತು ಹೊಂದದಿದ್ದರೆ ಕಾಲ ಕ್ಷಮಿಸುತ್ತದೆ. ಈಚಿನದನ್ನು ಹಿಡಿಯಿರಿ ಎನ್ನಬಹುದು. ಇವತ್ತಿನ ಮಾತಿಗೆ ಇವತ್ತಿನ ಬಾಳೇ ಹೊಂದದಿದ್ದರೆ ಈಚಿನದು ಯಾವುದು, ಹಿಂದಿನದು ಯಾವುದು? ನಡೆ-ನುಡಿ ಒಂದಾಗಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಪಟ್ಟು ಹಿಡಿದದ್ದೂ ಇದಕ್ಕೇ. ಅಂಬೇಡ್ಕರರು ಇದೇ ಪ್ರಶ್ನೆಯನ್ನು ಒಬ್ಬ ವ್ಯಕ್ತಿಗೆ ಮಾತ್ರ ಕೇಳಿ ಸುಮ್ಮನಾಗಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ಬರುವ ಜನವರಿ 26ರಂದು ನಾವು ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು ಇಡೀ ದೇಶವನ್ನು ಎಚ್ಚರಿಸಿದರು. ರಾಜಕೀಯದಲ್ಲಿ ಒಬ್ಬನಿಗೆ ಒಂದೇ ಓಟು, ಒಂದೇ ಬೆಲೆ. ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಅಸಮಾನತೆ. ಈ ಹೊಂದಿಕೆಯಿಲ್ಲದ ಸ್ಥಿತಿ ಬೇಗ ಹೋಗದಿದ್ದರೆ ಅಸಮಾನತೆಯಿಂದ ನೊಂದವರು ಪ್ರಜಾಪ್ರಭುತ್ವದ ಕಟ್ಟಡವನ್ನೇ ಕೆಡವುತ್ತಾರೆ ಎಂದರು. ಹೊಂದಿಕೆಯಿಲ್ಲದಿರುವುದಕ್ಕೆ ಇಷ್ಟು ತೂಕ ಕೊಟ್ಟ ಇನ್ನೊಂದು ಭಾಷಣ ನನಗೆ ಗೊತ್ತಿಲ್ಲ. ಅಲ್ಲಿ ‘ಯಾವುದರೊಂದಿಗೆ’ ಇದೆ, ಏಕೆ ಎಂಬುದಿದೆ, ಮುಂದೇನು ಎಂಬುದೂ ಇದೆ.

ಒಂದು ಆಕ್ಷೇಪ ಬರುವುದು ಸಹಜ. ಬದಲಾವಣೆಯನ್ನು ಹೀಗೆ ಮೆಚ್ಚಿದರೆ ಪಕ್ಷಾಂತರಿಗಳಿಗೆ, ಗಾಳಿ ಬಂದಾಗ ತೂರಿಕೊಳ್ಳುವವರಿಗೆ ಪರವಾನಗಿ ಕೊಟ್ಟಂತಾಗುವುದಿಲ್ಲವೇ? ಇಲ್ಲ. ಬೆಳವಣಿಗೆಯನ್ನೂ ಗೋಸುಂಬೆತನವನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಬದಲಾದವರು ಬದಲಾದೆ ಎಂದು ಬಾಯಿಬಿಟ್ಟು ಹೇಳಿದರೇ? ಫ್ರೇಗೆ ಹೇಳಿದರು, ಗಾಂಧೀಜಿ ಹೇಳಿದರು, 2017ರ ಪೀಠ ಹೇಳಿತು. ಕಾರಣ ಕೊಟ್ಟರೇ? ಆ ಕಾರಣವನ್ನು ತಮಗೆ ನಷ್ಟವಾಗುವ ಕಡೆಯಲ್ಲೂ ಒಪ್ಪುತ್ತಾರೆಯೇ? ಮೂರಕ್ಕೂ ಹೌದು ಎಂದರೆ ಅದು ನಡಿಗೆ. ಹಳೆಯ ಮಾತನ್ನು ಆಡಿಯೇ ಇಲ್ಲವೆನ್ನುವವರು, ಕಾರಣ ಕೇಳಿದರೆ ಕೆರಳುವವರು, ಎದುರಾಳಿಗೆ ಒಂದು ನಿಯಮ ತಮ್ಮವರಿಗೆ ಇನ್ನೊಂದು ನಿಯಮ ಎನ್ನುವವರು ಜಾಗ ಬದಲಿಸದಿದ್ದರೂ ಅಸಂಗತರೇ. ನಮ್ಮ ಸಾರ್ವಜನಿಕ ಮಾತುಕತೆಯಲ್ಲಿ ಆಗುತ್ತಿರುವ ಅನಾಹುತವೆಂದರೆ, ಮನಸ್ಸು ಬದಲಿಸಿದವರ ಹತ್ತು ವರ್ಷ ಹಳೆಯ ಮಾತನ್ನು ಹುಡುಕಿ ತೆಗೆದು ಮುಖಕ್ಕೆ ಹಿಡಿಯುತ್ತೇವೆ. ಬೆಣ್ಣೆ-ಸುಣ್ಣದವರನ್ನು ಮಾತಿಗೆ ನಿಲ್ಲುವ ಗಟ್ಟಿಗರೆಂದು ಹೊಗಳುತ್ತೇವೆ. ಪದವನ್ನು ತಪ್ಪಾದವರ ಮೇಲೆ ಎಸೆಯುತ್ತಿದ್ದೇವೆ. ಅದರ ಫಲವಾಗಿ ತಪ್ಪೊಪ್ಪಿಕೊಳ್ಳಲು ಜನ ಹೆದರುತ್ತಾರೆ, ತಪ್ಪಿಗೇ ಅಂಟಿಕೊಳ್ಳುತ್ತಾರೆ.

ಮತ್ತೆ ಆ ಅಂಕಪಟ್ಟಿಗೆ ಬರುತ್ತೇನೆ. ಅಂದು ಸಂಜೆ ನಾವಿಬ್ಬರೂ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆವು. ಗಣಿತದಲ್ಲಿ 20ಕ್ಕೆ ಜೂನ್‌ನಲ್ಲಿ 8, ಜುಲೈನಲ್ಲಿ 18, ಆಗಸ್ಟ್‌ನಲ್ಲಿ 9, ಸೆಪ್ಟೆಂಬರ್‌ನಲ್ಲಿ 17. ಒಂದೇ ಸಮ ಇಲ್ಲ ಎಂಬುದು ನಿಜವೇ. “ಈ ಕಡಿಮೆ ಬಂದ ವಾರಗಳಲ್ಲಿ ಏನಾದರೂ ತೊಂದರೆ ಇತ್ತೇನಮ್ಮ?” ಎಂದೆ. ಆ ತಾಯಿ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದರು. ಜೂನ್ ಪರೀಕ್ಷೆ ಬಂದಾಗ ಮಂಟಪದಲ್ಲಿ ಮೂರು ದಿನ ಬೆನ್ನುಬೆನ್ನಿಗೆ ಮದುವೆ. ಜುಲೈನಲ್ಲಿ ಆಷಾಢ, ಮಂಟಪ ಖಾಲಿ. ಆಗಸ್ಟ್‌ನಲ್ಲಿ ಶ್ರಾವಣ, ಮತ್ತೆ ಮುಹೂರ್ತಗಳು. ಸೆಪ್ಟೆಂಬರ್ ಪರೀಕ್ಷೆ ಪಿತೃಪಕ್ಷದಲ್ಲಿ ಬಂದಿತ್ತು. ಮದುವೆ ಇದ್ದ ರಾತ್ರಿಗಳಲ್ಲಿ ತಾಯಿ ಮನೆಗೆ ಬರುತ್ತಿದ್ದುದು ಒಂದು ಗಂಟೆಗೆ. ಅಲ್ಲಿಯವರೆಗೆ ಮೂರು ವರ್ಷದ ತಮ್ಮನನ್ನು ನೋಡಿಕೊಳ್ಳುತ್ತಿದ್ದವಳು ಆ ಹುಡುಗಿ. ಅವಳ ಅಂಕಗಳು ಒಂದರೊಡನೊಂದು ಹೊಂದುತ್ತಿರಲಿಲ್ಲ. ಪಂಚಾಂಗದೊಡನೆ ಕರಾರುವಾಕ್ಕಾಗಿ ಹೊಂದುತ್ತಿದ್ದವು. ಅವಳ ಬುದ್ಧಿಯಲ್ಲಿ, ಶ್ರದ್ಧೆಯಲ್ಲಿ ಏರುಪೇರು ಇರಲಿಲ್ಲ. ಏರುಪೇರಿದ್ದದ್ದು ಅವಳಿಗೆ ಓದಲು ಸಿಗುವ ಹೊತ್ತಿನಲ್ಲಿ.

ಷರಾ ಬರೆದವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಐವತ್ತು ಅರವತ್ತು ಮಕ್ಕಳ ಪಟ್ಟಿಗೆ ಒಂದೊಂದು ಪದ ಬರೆಯಬೇಕಾದ ಕಷ್ಟ ನನಗೂ ಗೊತ್ತು. ನಾನೂ ಎಷ್ಟೋ ಪಟ್ಟಿಗಳಲ್ಲಿ ಅದೇ ಪದ ಬರೆದಿದ್ದೇನೆ, ಅದು ನನ್ನನ್ನು ಈಗ ಕಾಡುತ್ತದೆ. ಒಂದು ಹಾಳೆಯಲ್ಲಿ ನಾಲ್ಕು ಪರೀಕ್ಷೆಯ ತಾರೀಖು, ಪಕ್ಕದಲ್ಲಿ ಅಂಕ, ಅದರ ಪಕ್ಕದಲ್ಲಿ ಮಂಟಪದಲ್ಲಿ ಮದುವೆ ಇದ್ದ ದಿನಗಳನ್ನು ಬರೆದು ಕೊಟ್ಟೆ. ರಜೆ ಮುಗಿದ ಮೇಲೆ ತಾಯಿ ಅದನ್ನು ತೆಗೆದುಕೊಂಡು ಹೋದರು. ಟೀಚರು ಹಾಳೆಯನ್ನು ಬಹಳ ಹೊತ್ತು ನೋಡಿ ಒಂದೇ ಪ್ರಶ್ನೆ ಕೇಳಿದರಂತೆ: “ಕಾರ್ತಿಕದಲ್ಲಿ ಮುಹೂರ್ತಗಳು ಯಾವತ್ತು ಯಾವತ್ತು ಇವೆಯಮ್ಮ?”